ಗುದ್ದಲಿಗೆ ಬೀಗ

ಬೋಲ್ಗಟಾಂಗದಾಚೆಯ ನಮ್ಮ ಶಾಲೆಯಲ್ಲಿ
ತಡವಾಗಿ ಬಂದವರಿಗೆ ಶಿಕ್ಷೆ: ಕಳೆ ಕೀಳುವುದು.
ಅದೇ ಗುದ್ದಲಿ ಹಿಡಿದು ಮೂರನೇ ಪೀರಿಯಡ್ಡಿಗೆ ನಾನು
ಬೋರ್ಡಿನ ಮೇಲೆ 'ಕೃಷಿ' ಎಂದು ಬರೆದರೆ
ಯಾರ ಮುಖ ಅರಳೀತು?

ಈ ಸೋಮವಾರ ಗುದ್ದಲಿಯನ್ನು ಕೋಣೆಗಿಟ್ಟು ಬೀಗ ಹಾಕಿದೆ.
ತಲೆಗೆರಡರಂತೆ ಅಲಸಂದೆ ಕಾಳು ಹಂಚಿ
'ನಿಮ್ಮದು' ಎಂದೆ, ಅಷ್ಟೇ.

ಗುರುವಾರ ಗಂಟೆ ಬಾರಿಸುವ ಮೊದಲೇ
ಅತಂಪುಗ್ರೆ, ವರ್ಷವಿಡೀ ತಡವಾದವನು,
ಮಂಡಿಯೂರಿ ಮಣ್ಣು ಕೆದಕುತ್ತಿದ್ದ.
'ಸತ್ತುಹೋಗುತ್ತೆ ಕಣೋ!'
'ಟೀಚರ್, ಬೇರು ಮೊದಲೋ ಎಲೆ ಮೊದಲೋ
ನೋಡಬೇಕಿತ್ತು.'

ಬೈಗುಳ ನಾಲಿಗೆಯ ತುದಿಯಲ್ಲೇ ಒಣಗಿತು.
ಮನೆಯಿಂದ ಜಾಮ್ ಬಾಟಲಿ ತಂದೆ,
ಗಾಜಿಗೊತ್ತಿ ಒಂದು ಕಾಳು ನೆಟ್ಟೆವು.

ಪಾಠಯೋಜನೆಯಲ್ಲಿ 'ಉದ್ದೇಶ' ಎಂಬಲ್ಲಿ
ಒಂದು ಸಾಲು ಖಾಲಿ ಬಿಟ್ಟಿದ್ದೇನೆ.
ಅವನೇ ಬರೆಯಲಿ,
ಕಾಗುಣಿತ ತಪ್ಪಿದರೂ ಸರಿ.