ಜೋಡಿಗೂಡು

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂದಿನ ಓಣಿ.
ತಕ್ಕಡಿ ರಿಪೇರಿ ಅಂಗಡಿಯ ಮೇಲೆ ನನ್ನ ಸ್ಟುಡಿಯೋ.
ಸ್ಟುಡಿಯೋ ಅಂದರೆ ಒಂದು ಕಂಪ್ಯೂಟರು, ಎರಡು ಸ್ಪೀಕರು,
ಗೋಡೆಗೆ ಮೊಳೆ ಹೊಡೆದ ಮೊಟ್ಟೆ ಟ್ರೇಗಳು.
ಕಿಟಕಿ ತೆಗೆದರೆ ಬೆಂದ ಹುಳುವಿನ ವಾಸನೆ,
ಮುಚ್ಚಿದರೆ ನನ್ನದೇ ಬೆವರಿನದು.

ಇಲ್ಲಿಗೆ ಬರುವವರು ಹೆಚ್ಚಾಗಿ
ಹಾಡಿನಿಂದ ಹಾಡಿದವರನ್ನು ತೆಗೆಸುವವರು.
ಸ್ಕೂಲ್ ಡೇಗೆ, ಮೇಷ್ಟರ ಬೀಳ್ಕೊಡುಗೆಗೆ,
ಭಾಮೈದನ ಆರತಕ್ಷತೆಯಲ್ಲಿ ಮೈಕು ಹಿಡಿಯುವ ಆಸೆಗೆ.
ಇನ್ನೂರು ರೂಪಾಯಿ.
ಕೊರಳು ಎದ್ದುಹೋಗಿ ಕುರ್ಚಿ ಖಾಲಿ ಉಳಿಯುತ್ತದೆ,
ಯಾರು ಬೇಕಾದರೂ ಕೂರಬಹುದು.

ಖುರ್ಷಿದಾ ಬೀ ತಂದದ್ದು ಕ್ಯಾಸೆಟ್ಟು.
ಬಿಸಿನೀರಿಗೆ ಬೆಳ್ಳಗೆ ಸುಕ್ಕಿದ ಬೆರಳುಗಳಲ್ಲಿ
ಅದನ್ನು ಸೆರಗಿಗೆ ಒರೆಸಿ ಮೇಜಿನ ಮೇಲಿಟ್ಟರು.
"ಹಾಡು ಬೇಡ ಸಾರ್. ಹಾಡಿನ ಹಿಂದೆ ನಮ್ಮ ಅಬ್ಬಾ ಇದಾರೆ,
ಬ್ಯಾಂಜೋ. ಅವರೊಬ್ಬರನ್ನೇ ತೆಗೆದುಕೊಡಿ."

ತೊಂಬತ್ತೆರಡನೇ ಇಸವಿ, ರೀಲರುಗಳ ಸಂಘದ ಕಾರ್ಯಕ್ರಮ.
ಹಾಡಿದ್ದು ಚಿಂತಾಮಣಿಯ ರತ್ನಮಾಲಾ.
ಬುಡನ್ ಸಾಬರ ಹೆಸರು ಕರಪತ್ರದಲ್ಲಿ
'ಮತ್ತು ವೃಂದ' ಅಂತ ಇದೆಯಲ್ಲ, ಅದರೊಳಗೆ.

ಟೇಪು ಓಡಿಸಿ ಕಂಪ್ಯೂಟರಿಗೆ ಇಳಿಸಿದೆ.
ತಂತ್ರಾಂಶಕ್ಕೆ ಗೊತ್ತಿರುವುದು ನಾಲ್ಕೇ ಬುಟ್ಟಿ:
ದನಿ, ಡ್ರಮ್ಮು, ಬೇಸು, ಇತರೆ.
ಲೋಕದಲ್ಲಿ ಮಿಕ್ಕಿದ್ದೆಲ್ಲ ಇತರೆ.
ಪರದೆಯ ಹಸಿರು ಪಟ್ಟಿ
ಮೂರನೇ ಜ್ವರ ಎದ್ದ ಹುಳುವಿನ ಹಾಗೆ
ಅಂಚಿನಿಂದ ಮೇಯುತ್ತ ಬಂತು.

ನೋಡುತ್ತ ಕೂತವರು ಅಂದರು:
"ನಾವು ಬೇಯಿಸಿ ತುದಿ ಹುಡುಕ್ತೀವಿ.
ಎಂಟು ಎಳೆ ಕೂಡಿಸಿ ಒಂದು ನೂಲು.
ನಿಮ್ಮದು ಉಲ್ಟಾ ಕೆಲಸ."

ಇತರೆ ಒತ್ತಿದೆ.
ಹಾರ್ಮೋನಿಯಂ ಸಿಕ್ಕಿತು, ತಿದಿಯ ಏದುಸಿರಿನ ಸಮೇತ.
ಯಾರದೋ ಕೆಮ್ಮು. ಕಬ್ಬಿಣದ ಕುರ್ಚಿ ಎಳೆದದ್ದು.
"ಟೀ ಮುಂದಕ್ಕೆ ಕಳಿಸ್ರೋ" ಅಂತ ದೂರದಲ್ಲೊಬ್ಬ.
ಮಾತೇ, ಆದರೂ ಯಂತ್ರಕ್ಕೆ ಅದು ದನಿಯಲ್ಲ.
ಬ್ಯಾಂಜೋ ಇಲ್ಲ.
ಡ್ರಮ್ಮಿನಲ್ಲಿ ಇಲ್ಲ.
ಬೇಸಿನಲ್ಲಿ ಬರೀ ಜನರೇಟರಿನ ಗೊರಕೆ.

ಕೊನೆಗೆ ದನಿ.
ಕತ್ತಲಲ್ಲಿ ರತ್ನಮಾಲಾ ಒಬ್ಬಳೇ ನಿಂತಳು.
ಒಬ್ಬಳೇ ಅಲ್ಲ.
ಅವಳ ಸ್ವರ ಜಾರಿದಲ್ಲೆಲ್ಲ ಜಾರುತ್ತ,
ಅವಳು ಉಸಿರೆಳೆದ ಕಡೆ
ಆ ಒಂದು ಚಿಟಿಕೆ ಖಾಲಿಯನ್ನು ತುಂಬಿಕೊಡುತ್ತ
ತಂತಿ.

ಮತ್ತೆ ಓಡಿಸಿದೆ. ಬೇರೆ ಮಾದರಿ ಹಾಕಿ ಓಡಿಸಿದೆ.
ಕೆಳಗೆ ತಕ್ಕಡಿಯವನು ಶಟರು ಎಳೆದು ಹೋದ.
ಪ್ರತಿ ಸಲವೂ ಸಾಬರು ಅದೇ ಬುಟ್ಟಿಯಲ್ಲಿ,
ಕೊರಳಿಗೆ ಅಂಟಿಕೊಂಡು.
"ಯಂತ್ರಕ್ಕೆ ತಪ್ಪು ತಿಳಿದಿದೆ ಅಮ್ಮ,
ವಾದ್ಯವನ್ನ ಗಂಟಲು ಅಂದುಕೊಂಡಿದೆ."

ಅವರು ನಕ್ಕರು. ನಗು ನಿಲ್ಲಲು ಸ್ವಲ್ಪ ಹೊತ್ತಾಯಿತು.
"ನಾನು ಬಾರಿಸಲ್ಲ, ಹಾಡ್ತೀನಿ ಅನ್ನೋರು ಅಬ್ಬಾ.
ಮನೇಲಿ ಯಾರೂ ನಂಬಲಿಲ್ಲ.
ಸಂಘದವರೂ ಅಷ್ಟೇ,
ಆಯಮ್ಮಂಗೆ ಮುನ್ನೂರು, ಇವರಿಗೆ ನಲವತ್ತು."

ಆಮೇಲೆ, ನನಗಲ್ಲ, ಕ್ಯಾಸೆಟ್ಟಿಗೆ ಹೇಳುವವರಂತೆ:
"ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದ್ರೆ
ನೂಲು ಬಿಚ್ಚಲ್ಲ ಸಾರ್.
ಇದರ ಎಳೆ ಅದಕ್ಕೆ, ಅದರ ಎಳೆ ಇದಕ್ಕೆ.
ಕೈಗೆ ಸಿಕ್ಕ ತಕ್ಷಣ ಗೊತ್ತಾಗತ್ತೆ, ತೂಕ ಜಾಸ್ತಿ.
ಬಾಂಡ್ಲಿಗೆ ಹಾಕಲ್ಲ ನಾವು, ಪಕ್ಕಕ್ಕೆ ಇಡ್ತೀವಿ.
ಇದನ್ನೂ ಹಾಗೇ ಇಡಿ."

ಹಾಗೇ ಇಟ್ಟೆ. ಫೈಲಿಗೆ ಹೆಸರು ಕೇಳಿತು.
ರತ್ನಮಾಲಾ ಅಂತ ಒತ್ತಿ, ಅಳಿಸಿ,
'ಬುಡನ್ ಸಾಬ್ ಮತ್ತು ವೃಂದ' ಅಂತ ಒತ್ತಿದೆ.
ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡು
ಮೊಬೈಲನ್ನು ರವಿಕೆಯೊಳಗಿಟ್ಟು ಮೆಟ್ಟಿಲಿಳಿದರು.

ಉಳಿದ ಮೂರರಲ್ಲಿ ಎರಡನ್ನು ಅಳಿಸಿದೆ.
ಇತರೆಯನ್ನು ಇನ್ನೂ ಅಳಿಸಿಲ್ಲ.
ಅದರಲ್ಲೊಬ್ಬ ಟೀ ಕೇಳುತ್ತಲೇ ಇದ್ದಾನೆ.
ಅವನ ಮನೆಯಿಂದಲೂ ಯಾರಾದರೂ ಬರಬಹುದು.