ಬೆಳದಿಂಗಳ ಮೇಲಿನ ದೂರು

ತನ್ನಿ ಇಲ್ಲಿ, ಬಿಚ್ಚಿ ಆ ಪೇಪರು.
ಕೂಗಾಡಬೇಡಿ, ದುಡ್ಡು ವಾಪಸ್ ಕೊಡುತ್ತೇನೆ.
ಹೌದು, ಬೆಳಿಗ್ಗೆ ಈ ಡೋರಿಂಗ್‌ಬಾಯ್ ಕಟ್ಟೆಯ ಮೇಲೆ
ಇದೇ ಚಾಕುವಿನಲ್ಲಿ ಬೆನ್ನು ಸೀಳಿ ಕೊಟ್ಟವಳು ನಾನೇ.
ಆಗ ನೀವೇ ನೋಡಿದಿರಲ್ಲ,
ಬೆಳ್ಳಿ ಪಟ್ಟಿಯಂಥ ಮೈ,
ಬೆರಳಿಟ್ಟರೆ ಪುಟಿಯುವ ಬಿಗಿ, ಕಿವಿರು ಇನ್ನೂ ಕೆಂಪು.
ಈಗ ಚಮಚದಲ್ಲಿ ಬಳಿಯಬೇಕು.

ಇದಕ್ಕೆ ನಾವು ಪಾಪ್ ಅನ್ನುತ್ತೇವೆ.
ಬೆಳಗಿನ ಮೆಕ್ಕೆಜೋಳದ ಗಂಜಿಗೂ ಅದೇ ಹೆಸರು.
ಕೆಂಡ ಹರಡಿ, ಜರ್ದಾಳು ಜಾಮು ಸವರಿ,
ನೆಂಟರನ್ನೆಲ್ಲ ಸುತ್ತ ಕೂರಿಸಿ
ನೀವು ಜಾಲರಿ ಎತ್ತುವ ಹೊತ್ತಿಗೆ
ಮೀನು ಸಂದಿಯಲ್ಲಿ ಇಳಿದುಹೋಗಿತ್ತು, ಅಷ್ಟೇ ತಾನೆ?
ಮುಳ್ಳು ಮಾತ್ರ ಬಾಚಣಿಗೆಯ ಹಾಗೆ.
ಗೊತ್ತು. ನನ್ನ ಮದುವೆಯ ದಿನವೂ ಹೀಗೇ ಆಗಿತ್ತು.
ಹಳಸಿದ್ದಲ್ಲ ಇದು. ಮೂಸಿ ನೋಡಿ,
ಕಡಲಿನದೇ ವಾಸನೆ.

ನಮ್ಮಪ್ಪ ಹೇಳುತ್ತಿದ್ದುದು ಬೇರೆ:
ಸ್ನೂಕ್ ಮೀನಿಗೆ ಬೆಳದಿಂಗಳು ತಾಗಬಾರದು,
ಹಸಿ ಗೋಣಿ ಹೊದಿಸಬೇಕು, ಬಾಣಂತಿಗೆ ಹೊದಿಸಿದ ಹಾಗೆ;
ಚಂದ್ರ ನೆಕ್ಕಿದ್ದು ಬೆಂಕಿಗೆ ನಿಲ್ಲುವುದಿಲ್ಲ.

ಆ ಜೂನಿನ ಹುಣ್ಣಿಮೆ ಕಾವಲು ನನ್ನ ತಮ್ಮ ಫ್ಲೋರಿಸ್‌ನದು.
ಹದಿನೈದು ವರ್ಷದವನು. ದೋಣಿಯಲ್ಲಿ ಮುನ್ನೂರ ನಲವತ್ತು ಮೀನು.
ನಿದ್ದೆ ಬಂತು,
ಗೋಣಿ ಜಾರಿತು.
ವಾರದೊಳಗೆ ಅರ್ಧಕ್ಕರ್ಧ ಮೀನು
ಹೀಗೇ ಪೇಪರು ಸುತ್ತಿಕೊಂಡು ನಮ್ಮ ಬಾಗಿಲಿಗೆ ನಡೆದು ಬಂದವು.
ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.
ಅವನು ಕೂರುವ ಹಲಗೆಯ ಮೇಲೆ
ಪಕ್ಕದ ಮನೆ ಹುಡುಗನನ್ನು ಕೂರಿಸಿ ಹುಟ್ಟು ಕೊಟ್ಟ.
ನಾನೂ ಆಡಿದೆ ಒಂದು ಮಾತು. ಅದನ್ನು ಇಲ್ಲಿ ಹೇಳಲಾರೆ.
ಫ್ಲೋರಿಸ್ ಸಲ್ಡಾನಕ್ಕೆ ಹೋದ,
ಹಡಗಿಗೆ ಕಬ್ಬಿಣದ ಅದಿರು ತುಂಬುವ ಕೆಲಸ.
ಅದಿರು ಮೆತ್ತಗಾಗುವುದಿಲ್ಲ ಅಂತ ಒಮ್ಮೆ ಕಾಗದ ಬರೆದಿದ್ದ.
ಇನ್ನೇನೂ ಬರೆದಿರಲಿಲ್ಲ.

ಹೋದ ವರ್ಷ ಕೇಪ್ ಟೌನಿನಿಂದ ಒಬ್ಬಳು ಹುಡುಗಿ ಬಂದಳು,
ನೊಂಫುಂಡೊ, ಪೆಟ್ಟಿಗೆಯಲ್ಲಿ ಸೂಕ್ಷ್ಮದರ್ಶಕ.
ಇಂಥದೇ ಮೀನಿನ ಚೂರೊಂದನ್ನು ಗಾಜಿನ ಮೇಲೆ ಅರೆದು
ಬಗ್ಗಿ ನೋಡು ಆಂಟಿ, ಅಂದಳು.
ನಾಲ್ಕು ಎಸಳಿನ ಹೂವು.
ಒಂದಲ್ಲ, ಚೆಲ್ಲಿದ ಹಾಗೆ.
ಮೀನು ಈಜುವಷ್ಟು ದಿನ ಸುಮ್ಮನೆ ಇರುತ್ತವಂತೆ,
ಮಾಂಸದ ಎಳೆಯೊಳಗೆ ಬಾಡಿಗೆಯಿಲ್ಲದ ಬಿಡಾರ.
ಉಸಿರು ನಿಂತ ಮೇಲೆ ಎಂಥದೋ ರಸ,
ಎಳೆಯಿಂದ ಎಳೆ ಬಿಡಿಸುತ್ತ ಹೋಗುತ್ತದೆ,
ಮಂಜುಗಡ್ಡೆಯಲ್ಲಿ ಮೆಲ್ಲಗೆ, ಬಿಸಿ ತಾಗಿದರೆ ಅವಸರವಾಗಿ.
ಸಣ್ಣ ಉರಿಯಲ್ಲಿ ಇಟ್ಟಿರೋ, ಅದಕ್ಕೆ ಹಬ್ಬ.
ಜೋರು ಬೆಂಕಿ ಹಾಕಿದರೆ ರಸ ಮೊದಲು ಸಾಯುತ್ತದೆ,
ಕೆಲವು ಸಲ.
ಮತ್ತೆ ಬೆಳದಿಂಗಳು? ಅಂದೆ.
ಬೆಳದಿಂಗಳಿಗೆ ಹಲ್ಲಿಲ್ಲ ಆಂಟಿ, ಅಂದು ನಕ್ಕಳು.

ನನಗೆ ನಗು ಬರಲಿಲ್ಲ.

ಆ ರಾತ್ರಿ ಫ್ಲೋರಿಸ್‌ಗೆ ಫೋನು ಮಾಡಿದೆ.
ಹೂವು, ರಸ, ಎಳೆ, ಎಲ್ಲ ಹೇಳಿದೆ,
ಪಾಠ ಒಪ್ಪಿಸುವ ಹುಡುಗಿಯ ಹಾಗೆ.
ಯಾರ ಪಾಪವೂ ಅಲ್ಲ ಕಣೋ, ಬರೀ ಪಾಪ್.
ಆ ಕಡೆ ಕೆಮ್ಮು.
ಅದಿರಿನ ಕೆಂಪು ಧೂಳು ಎದೆಯೊಳಗೆ ಕೂತಿದೆಯಂತೆ.
ಆಮೇಲೆ ಕೇಳಿದ:
ಸರಿ, ಚಂದ್ರನನ್ನು ಬಿಟ್ಟಿರಿ.
ಅಪ್ಪನಿಗೆ ಹೇಳುವವರು ಯಾರು?
ಅಪ್ಪ ಮಣ್ಣಿಗೆ ಹೋಗಿ ಒಂಬತ್ತು ವರ್ಷ.

ತಗೊಳ್ಳಿ, ದುಡ್ಡು ಬೇಡವಾದರೆ ಇದು ಬೇರೆ ಮೀನು.
ಇದರೊಳಗೂ ಹೂವಿದೆಯೋ ಏನೋ
ನನ್ನ ಚಾಕುವಿಗೆ ತಿಳಿಯುವುದಿಲ್ಲ, ಯಾರ ಚಾಕುವಿಗೂ.
ಉರಿ ಜೋರಾಗಿರಲಿ, ಬೇಗ ತಿರುಗಿಸಿ,
ಮಾತಿಗೆ ಕೂರಬೇಡಿ.

ಆ ಗೋಣಿಯೆ?
ಇವತ್ತು ಹುಣ್ಣಿಮೆ ಅಲ್ಲವೆ, ನೆನೆಹಾಕಿದ್ದೇನೆ.
ಗೊತ್ತು, ಗೊತ್ತು.
ಕೈ ಕೇಳುವುದಿಲ್ಲ.