ಎಡಗೈ ನೋಡಿಟ್ಟದ್ದು

ಮಡಿಕೇರಿ ಆಸ್ಪತ್ರೆಯಿಂದ ಇಳಿದು ಬರುವಾಗ
ಚೆಟ್ಟಳ್ಳಿ ದಾಟಿ ಆಟೋ ಕೆಮ್ಮಿ ನಿಂತಿತು.
ಲೂರ್ದು ನನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು,
ಯಾರದೋ ಮಗುವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡ ಹಾಗೆ.

ಅಲ್ಲಿ ತೋಟದ ಗೇಟಿನ ಪಕ್ಕ
ತುಕ್ಕು ತಿಂದ ತಗಡಿನ ಮೇಲೆ:
ಆನೆ ಇದೆ, ನಿಧಾನ.
‘ಆ’ದ ಬಾಲವನ್ನು ಸೊಂಡಿಲಿನ ಹಾಗೆ ಮೇಲೆತ್ತಿ
ತುದಿಗೆ ಒಂದು ಎಲೆ ಕೊಟ್ಟವನು ನಾನೇ,
ಮೂವತ್ತು ವರ್ಷದ ಹಿಂದೆ. ಎಲೆಗೆ ಕೂಲಿ ಸಿಕ್ಕಿರಲಿಲ್ಲ.
ಮೂಲೆಯಲ್ಲಿ ಇರುವೆಯಷ್ಟು: ಇನ್ನಾಸಿ ಆರ್ಟ್ಸ್, ಸಿದ್ದಾಪುರ.
ಡ್ರೈವರ್ ಕೇಳಿದ: ಯಾರದು ಇನ್ನಾಸಿ, ಇದ್ದಾನಾ ಈಗ?
ನನ್ನ ನಾಲಿಗೆ ಇನ್ನೂ ತೊಡರುತ್ತಿತ್ತು.
ಲೂರ್ದು ಅಂದಳು: ಇದ್ದಾರೆ.

ಫ್ಲೆಕ್ಸ್ ಬಂದ ವರ್ಷ ಕುಂಚಗಳನ್ನು
ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಲುಂಗಿಯಲ್ಲಿ ಸುತ್ತಿ
ಅಟ್ಟಕ್ಕೆ ಹಾಕಿದ್ದೆ.
ಆಮೇಲೆ ಕಾಫಿ ಗೋದಾಮಿನಲ್ಲಿ
ಚೀಲಗಳ ಮೇಲೆ ನಂಬರು. ಹದಿನೆಂಟು ಸೀಸನ್ನು.
ಅಂಕಿಗಳಿಗೆ ತಲೆಕಟ್ಟಿಲ್ಲ, ಕೊಂಬಿಲ್ಲ,
ಬಿಸಿಲಿಗೆ ನಿಲ್ಲಲು ಒಂದು ಗುಡಿಸೂ ಇಲ್ಲ.
ಒಂದು ಬೆಳಗ್ಗೆ ೪೧೭ ಬರೆಯುವಾಗ
ಏಳು ಜಾರಿ ಚೀಲದಿಂದ ನೆಲಕ್ಕೆ ಹೋಯಿತು,
ಹಿಂದೆಯೇ ನಾನು.

ಆಸ್ಪತ್ರೆಯವರು ರಬ್ಬರು ಚೆಂಡು ಕೊಟ್ಟರು.
ಹಿಚುಕು, ದಿನಕ್ಕೆ ಇನ್ನೂರು ಸಲ.
ಹಿಚುಕಿದೆ. ಚೆಂಡಿಗೂ ಬೇಸರ ಬಂತು.
ಹೂಮಳೆ ಬಿದ್ದು ಒಂಬತ್ತನೇ ದಿನ
ಇಡೀ ಊರು ಕಾಫಿ ಹೂವಿನ ವಾಸನೆಗೆ ತೂಕಡಿಸುವಾಗ
ನನಗೆ ಬೇಕಾದದ್ದು ಟರ್ಪೆಂಟೈನ್ ವಾಸನೆ.

ಲೂರ್ದು ಏಣಿ ಹತ್ತಿದಳು.
ಗಂಟು ಬಿಚ್ಚಿದರೆ ಅಳಿಲು ಕೂದಲು ಅರ್ಧ ಹುಳಕ್ಕೆ;
ಉಳಿದದ್ದು ಮೂರು ಕುಂಚ.
ಸಾಕು.

ಎಡಗೈ ಜೀವಮಾನವೆಲ್ಲ ಬಣ್ಣದ ಡಬ್ಬ ಹಿಡಿದದ್ದು,
ಬೇರೇನೂ ಮಾಡಿಲ್ಲ ಪಾಪ.
ಬಸ್ಸಿನ ಹಣೆಗೆ, ಬೇಕರಿ ಗಾಜಿಗೆ, ಬಾರಿನ ಗೋಡೆಗೆ,
ಮಸೀದಿಯ ದಾನಿಗಳ ಪಟ್ಟಿಗೆ, ಇಗರ್ಜಿಯ ಶಿಲುಬೆಗಳಿಗೆ
ಬಲಗೈ ಬರೆಯಿತು, ಹೊಗಳಿಕೆ ತಿಂದಿತು.
ಇದು ಒಂದು ಗೇಣು ಕೆಳಗೆ, ತುಳುಕದಂತೆ ನಿಂತು
ನೋಡುತ್ತಿತ್ತು.
ನೋಡಿದ್ದನ್ನೆಲ್ಲ ಇಟ್ಟುಕೊಂಡಿತ್ತು ಅಂತ
ನನಗೆಲ್ಲಿ ಗೊತ್ತು?

ಮೊದಲ ದಿನ ಸೊನ್ನೆ. ಹಲಸಿನ ಬೀಜದ ಹಾಗಾಯಿತು.
‘ಅ’ ಬರೆಯಹೋದರೆ ನನ್ನ ಬಾಯಿಯ ಹಾಗೆಯೇ
ಒಂದು ಪಕ್ಕಕ್ಕೆ ಎಳೆಯಿತು.
ನಕ್ಕೆ. ನಗುವೂ ಅತ್ತಲೇ ಎಳೆಯಿತು.
ನನ್ನ ಹಳೆಯ ಅಕ್ಷರಗಳು ಪರೇಡಿಗೆ ನಿಂತ ಸಿಪಾಯಿಗಳು;
ಇವರು ಸಂತೆ ಮುಗಿಸಿ ಬರುವ ಜನ,
ಒಬ್ಬರ ಹೆಗಲ ಮೇಲೆ ಒಬ್ಬರು.
ಯಾಕೋ ಇವರ ಜತೆ ಮಾತಾಡಬೇಕು ಅನಿಸಿತು.

ಪಕ್ಕದ ಮನೆ ನಬೀಸ ಕೇಳಿದಳು,
ಕರುಣೆಯಿಂದಲ್ಲ, ಅಗ್ಗಕ್ಕೆ ಆಗುತ್ತದೆಂದು,
ಒಂದು ಬೋರ್ಡು: ನಾಟಿ ಮೊಟ್ಟೆ ಸಿಗುತ್ತದೆ.
ಬಿಸ್ಕೆಟ್ ಡಬ್ಬದ ತಗಡು ಬಡಿದು ಚಪ್ಪಟೆ ಮಾಡಿ
ಚಾಕ್ ದಾರದ ಒಂದು ತುದಿ ಮೊಳೆಗೆ, ಇನ್ನೊಂದು ಹಲ್ಲಿಗೆ,
ಎಳೆದು ಚಟ್ಟೆಂದು ಬಿಟ್ಟೆ.
‘ಮೊ’ಗೆ ಹೊಟ್ಟೆ ಬರಿಸಿದೆ. ‘ಟ್ಟೆ’ಯ ಒತ್ತನ್ನು
ಹೇಂಟೆಯ ಕೆಳಗಿನ ಮರಿಯ ಹಾಗೆ ಒಳಕ್ಕೆ ತಳ್ಳಿದೆ.
ಮೂರು ದಿನ. ಗಂಜಿ ಆರಿತು, ಲೂರ್ದು ಬೈದಳು,
ಬೈದದ್ದು ಕೇಳಲಿಲ್ಲ.

ಕೊನೆಗೆ ನೋಡಿದರೆ ಜಾಗ ಮುಗಿದಿದೆ,
‘ದೆ’ ಹೊರಗೇ ನಿಂತಿದೆ.
ನಾಟಿ ಮೊಟ್ಟೆ ಸಿಗುತ್ತ
ನಾನೇ ಕೇಳಿದ ಹಾಗಾಯ್ತಲ್ಲ ಮಾರಾಯ! ಅಂದಳು ನಬೀಸ.
ಎರಡು ದಿನ ಹೋಗುವವರೆಲ್ಲ ನಿಂತು
ಇಲ್ಲಮ್ಮ, ಸಿಗಲ್ಲ ಎಂದು ಉತ್ತರ ಕೊಟ್ಟು ಹೋದರು.

ಮೂರನೇ ದಿನ ಅಂಗೈಯಗಲ ತಗಡಿಗೆ
ಒಂದೇ ಒಂದು ‘ದೆ’.
ತಂತಿ ಕಟ್ಟಿ ಪಕ್ಕಕ್ಕೆ ತೂಗುಬಿಟ್ಟೆ.
ಹೆಸರಿಗೆ ಜಾಗವಿರಲಿಲ್ಲ, ಅದರ ಬೆನ್ನಿಗೆ ಹಾಕಿದೆ,
ಇರುವೆಗಿಂತ ಕೊಂಚ ದೊಡ್ಡದು.
ಕೂಲಿ ಆರು ಮೊಟ್ಟೆ. ಒಂದು ಒಡೆದಿತ್ತು.

ಈಗ ಮರದ ಲಾರಿ ಹೋದಾಗಲೆಲ್ಲ
ತಗಡು ಗಿರ್ರನೆ ತಿರುಗುತ್ತದೆ:
ಒಮ್ಮೆ ಸಿಗುತ್ತದೆ,
ಒಮ್ಮೆ ಇನ್ನಾಸಿ.
ಜಗಲಿಯಲ್ಲಿ ಕೂತು ಚೆಂಡು ಹಿಚುಕುತ್ತ ನೋಡುತ್ತೇನೆ.
ಲೆಕ್ಕ ಇನ್ನೂರು ದಾಟಿ
ಯಾವಾಗಲೋ ತಪ್ಪಿಹೋಗಿರುತ್ತದೆ.